ಗೇಜಿಗೆ ಸಿಗದ ದೋಷ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸೇನೆಯ ಹಳೆಯ ಮೌಸರ್, ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳನ್ನು ಬೇಟೆಗೆ ಒಗ್ಗಿಸಿಕೊಡುವ ಕೆಲಸ ಜೋರಾಗಿ ನಡೆಯಿತು. ಕೊಲೊರಾಡೊದ ಟ್ರಿನಿಡಾಡ್‌ನಲ್ಲಿ ಕೋವಿ ಕೆಲಸ ಕಲಿಸುತ್ತಿದ್ದ ಪಿ.ಒ. ಆಕ್ಲಿ ಕಾಡತೂಸಿನ ಮೈ ಕಿರಿದಾಗಿ ಕತ್ತನ್ನು ಸೇರುವ ಇಳಿಜಾರನ್ನು, ಅಂದರೆ ಭುಜವನ್ನು, 40 ಡಿಗ್ರಿಗೆ ಕಡಿದಾಗಿಸಿ, ಮೈಯ ಓರೆ ತಗ್ಗಿಸಿ, ಮದ್ದಿಗೆ ಹೆಚ್ಚು ಜಾಗ ಮಾಡಿದರು. ಹಾಗೆಂದು ಕಾಡತೂಸು ಕೂರುವ ಹಳೆಯ ಚೇಂಬರಿಗೆ ಕೊರೆಯುವ ಹೊಸ ರೀಮರ್ ಇಳಿಸಿಬಿಟ್ಟರೆ ಕೆಲಸ ಮುಗಿಯದು. ಮೊದಲು ಬ್ಯಾರಲ್ ಬಿಚ್ಚಿ, ಹಿಂತುದಿಯನ್ನು ತುಸು ತೆಗೆದು, ಹಿಂದಕ್ಕೆ ಕೂರಿಸಿ ಕೊರೆಯಬೇಕು. ಆಕ್ಲಿ ಕ್ರಮದಲ್ಲಿ ಚೇಂಬರು ಅದರ ಉದ್ದ ಪರೀಕ್ಷಿಸುವ ಮೂಲ ಗೇಜಿಗಿಂತ 0.004 ಇಂಚು ಗಿಡ್ಡವಾಗಿರಬೇಕು; ಆಗಲೇ ಮಾಮೂಲಿ ಕಾಡತೂಸು ಕತ್ತಿನ ಬುಡದಲ್ಲಿ ಒತ್ತಿ ನಿಲ್ಲುತ್ತದೆ. ಈ ಹಂತ ಬಿಟ್ಟು ಕೊರೆದರೆ ಚೇಂಬರು ಉದ್ದವಾಗುತ್ತದೆ. ಬ್ಯಾರಲ್ ಮೇಲೆ ಹಳೆಯ ಹೆಸರೇ ಉಳಿದಿದ್ದರಂತೂ ಈಗಿನ ಮಾಲೀಕನಿಗೆ ಕೊರೆದ ಸುಳಿವೂ ಸಿಗದು.

ಗುಂಡು ಹಾರುವಾಗ ಒಳಗಿನ ಒತ್ತಡ ಚದರ ಇಂಚಿಗೆ 50–60 ಸಾವಿರ ಪೌಂಡ್ ಮುಟ್ಟುತ್ತದೆ. 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ ಕವಚ ಉಬ್ಬಿ, ಗೋಡೆಗೆ ಒತ್ತಿಕೊಂಡು ಅನಿಲವನ್ನು ತಡೆಯುತ್ತದೆ. ಚೇಂಬರು ಉದ್ದವಿದ್ದರೆ ಸಿಡಿಸುವ ಸೂಜಿಯ ಪೆಟ್ಟಿಗೆ ಕಾಡತೂಸು ಮುಂದಕ್ಕೆ ಜರುಗುತ್ತದೆ. ತೆಳುವಾದ ಮುಂಭಾಗ ಗೋಡೆ ಕಚ್ಚಿಕೊಳ್ಳುತ್ತದೆ. ದಪ್ಪ ಬುಡ, ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟಿಗೆ ತಾಗುವವರೆಗೂ ಹಿಂದೆ ಸರಿಯುತ್ತದೆ. ನಡುವಿನ ಹಿತ್ತಾಳೆ ಜಗ್ಗಿ ತೆಳುವಾಗುತ್ತದೆ. ಖಾಲಿ ಕವಚದ ಬುಡದಿಂದ ಅರ್ಧ ಇಂಚಿನ ಆಸುಪಾಸಿನಲ್ಲಿ ಹೊಳೆಯುವ ಉಂಗುರ ಮೂಡಿರುತ್ತದೆ. ತುದಿ ಬಾಗಿಸಿದ ತಂತಿಯನ್ನು ಒಳಗೋಡೆಯ ಮೇಲೆ ಎಳೆದರೆ ಆ ಜಾಗದಲ್ಲಿ ಗೀರು ತಡೆಯುತ್ತದೆ. ಮುಂದೊಂದು ಹೊಡೆತಕ್ಕೆ ಕವಚ ಅಲ್ಲೇ ತುಂಡಾದರೆ ಬಿಸಿ ಅನಿಲ ಹೊಡೆಯುವವರ ಮುಖದತ್ತ ನುಗ್ಗಬಹುದು. ಹೊಸ ಮದ್ದು ತುಂಬಿ ಕವಚವನ್ನು ಮರುಬಳಸುವವರು ಕವಚಕ್ಕೆ ಆಕಾರ ಕೊಡುವ ಡೈನಲ್ಲಿ ಭುಜವನ್ನು ಅತಿಯಾಗಿ ಹಿಂದೆ ತಳ್ಳಿದರೂ ಇದೇ ಉಂಗುರ ಬರುತ್ತದೆ. ಹಾಗಾಗಿ ಚೇಂಬರನ್ನು ದೂರುವ ಮೊದಲು ಗೇಜು ಹಾಕಿ ನೋಡಲೇಬೇಕು.

ಅಗಲದ ದೋಷ ಬೇರೆಯೇ. ಗೋ, ನೋ-ಗೋ ಗೇಜುಗಳು ಬೋಲ್ಟಿನ ಮುಖದಿಂದ ಭುಜದವರೆಗಿನ ಉದ್ದವನ್ನಷ್ಟೇ ಹೇಳುತ್ತವೆ. ಗೇಜು ಪಾಸಾದ ರೈಫಲ್ ಸುರಕ್ಷಿತ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕೊರೆಯುವಾಗ ರೀಮರ್ ಬ್ಯಾರಲಿನ ನಡುಗೆರೆ ತಪ್ಪಿ ಅಲುಗಾಡಿದ್ದರೆ ಚೇಂಬರಿನ ಹಿಂಬದಿ ಕಹಳೆಯ ಬಾಯಿಯಂತೆ ಹಿಗ್ಗಿರುತ್ತದೆ, ಉದ್ದ ಮಾತ್ರ ಸರಿಯೇ ಇರುತ್ತದೆ. ಇದನ್ನು ಹಿಡಿಯಲು ಖಾಲಿ ಕವಚದ ಬುಡವನ್ನು ಮೈಕ್ರೊಮೀಟರಿನಲ್ಲಿ ತಿರುಗಿಸುತ್ತ ಅಳೆಯಬೇಕು. ಕೆಲವು ಸಾವಿರಾಂಶ ಇಂಚು ಹಿಗ್ಗುವುದು ಸಹಜ. ಉಬ್ಬು ಕಣ್ಣಿಗೇ ಕಂಡರೆ, ಕವಚ ಉದ್ದಕ್ಕೆ ಸೀಳಿದ್ದರೆ ಅನುಮಾನಪಡಬೇಕು. ಭುಜ ಚೂಪಾಗಿ ಮೈ ನೇರವಾಗಿದ್ದರೆ ಅದು ದೋಷವಲ್ಲ. ಆಕ್ಲಿ ಚೇಂಬರಿನ ಗುರುತೇ ಅದು.

ಗುಂಡು ಹಾರಿಸದೆಯೇ ಪರೀಕ್ಷಿಸಲು ಅಚ್ಚು ತೆಗೆಯುವುದು ಉತ್ತಮ. ಸೆರೋಸೇಫ್ ಎಂಬ ಮಿಶ್ರಲೋಹ 70–88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಚೇಂಬರಿಗೆ ಸುರಿದ ಮೇಲೆ ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ಆಗಲೇ ಅಚ್ಚನ್ನು ಹೊರಗೆ ತೆಗೆಯಬೇಕು. ಬಳಿಕ ಅದರಲ್ಲಿರುವ ಬಿಸ್ಮತ್‌ನಿಂದಾಗಿ ಹಿಗ್ಗತೊಡಗಿ, ಸುಮಾರು ಒಂದು ಗಂಟೆಯ ಹೊತ್ತಿಗೆ ಚೇಂಬರಿನ ಅಳತೆಗೇ ಬರುತ್ತದೆ. ಅಳೆಯಬೇಕಾದದ್ದು ಆಗ, ಮರುದಿನಕ್ಕೆ ಬಿಟ್ಟರೆ ಅಚ್ಚು ಇನ್ನಷ್ಟು ಹಿಗ್ಗಿರುತ್ತದೆ. ಸೀಸ, ಕ್ಯಾಡ್ಮಿಯಂ ಇರುವ ಈ ಲೋಹವನ್ನು ಅತಿಯಾಗಿ ಕಾಯಿಸಬಾರದು.

ಹಿಗ್ಗಿದ ಚೇಂಬರಿಗೆ ಲೋಹವನ್ನು ಮರಳಿ ತುಂಬಲಾಗದು. ಕೆಟ್ಟ ಭಾಗ ಚಿಕ್ಕದಿದ್ದರೆ ಅನುಭವಿ ಕುಶಲಕರ್ಮಿ ಬ್ಯಾರಲಿನ ಹಿಂತುದಿ ಕತ್ತರಿಸಿ, ಥ್ರೆಡ್ ಹಾಕಿ, ಹೊಸದಾಗಿ ಕೊರೆಯಬಹುದು. ಇಲ್ಲವಾದರೆ ಬ್ಯಾರಲನ್ನೇ ಬದಲಿಸಬೇಕು. ಅಲ್ಲಿಯವರೆಗೆ ಆ ರೈಫಲಿಗೆ ಕಾಡತೂಸು ತುಂಬಕೂಡದು.