ಮರೆಯಾದ ಮುಖ: ಕಲಾತ್ಮಕ ನಗ್ನ ಛಾಯಾಚಿತ್ರದಲ್ಲಿ ರೂಪದರ್ಶಿಯ ಗುರುತಿನ ಪ್ರಶ್ನೆ

ನಗ್ನದೇಹದ ಚಿತ್ರಣವು ಚಿತ್ರಕಲೆ ಮತ್ತು ಶಿಲ್ಪಗಳಲ್ಲಿ ಬಹು ಪ್ರಾಚೀನವಾದುದು. ಆದರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕ್ಯಾಮರಾ ಈ ಪರಂಪರೆಯೊಳಗೆ ಕಾಲಿರಿಸಿದಾಗ, ಹಿಂದೆ ಅಷ್ಟಾಗಿ ಕಾಡದಿದ್ದ ಒಂದು ತೊಡಕೂ ಅದರ ಜೊತೆಯಲ್ಲಿ ಬಂದಿತು. ಚಿತ್ರಕಾರನು ಒಬ್ಬಳ ದೇಹಕ್ಕೆ ಇನ್ನೊಬ್ಬಳ ಮುಖವನ್ನು ಕೂಡಿಸಬಲ್ಲ. ಕೂಡಿಸಿದ ಮೇಲೆ ಅದಕ್ಕೆ ವೀನಸ್ ಎಂದೋ ಅಪ್ಸರೆ ಎಂದೋ ಹೆಸರಿಡಬಲ್ಲ. ಛಾಯಾಗ್ರಾಹಕನಿಗೆ ಈ ಅನುಕೂಲವಿಲ್ಲ. ಮಸೂರದ ಮುಂದೆ ನಿಂತವಳು ಇಂಥದೇ ಊರಿನ, ಇಂಥದೇ ಬೀದಿಯ, ನೆರೆಹೊರೆಯವರು ನೋಡಿದೊಡನೆ ಗುರುತಿಸಬಲ್ಲ ಒಬ್ಬ ವ್ಯಕ್ತಿ. ಈ ಕಾರಣದಿಂದ ನಗ್ನ ಛಾಯಾಚಿತ್ರದ ಚರಿತ್ರೆಯಲ್ಲಿ ಮುಖವನ್ನು ಮರೆಮಾಡುವ ಕ್ರಮವು ಕೇವಲ ವಿನ್ಯಾಸದ ಸಂಗತಿಯಾಗಿ ಉಳಿಯಲಿಲ್ಲ. ಬಾಗಿದ ತಲೆ, ತಿರುಗಿಸಿದ ಬೆನ್ನು, ಇಳಿಬಿಟ್ಟ ಕೂದಲು, ನೆರಳು, ಚೌಕಟ್ಟಿನಂಚಿನಲ್ಲಿ ಕತ್ತರಿಸಿದ ಕೊರಳು ಇವೆಲ್ಲ ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯು ಪ್ರತಿಯೊಂದು ಚಿತ್ರದಲ್ಲಿಯೂ ಹೊಸದಾಗಿ ಏಳುತ್ತದೆ.

ಪ್ಯಾರಿಸಿನ ಪ್ರಸಿದ್ಧ ಛಾಯಾಗ್ರಾಹಕ ನಡಾರ್ 1860-61ರ ಸುಮಾರಿಗೆ ತೆಗೆದ ನಿಂತ ನಗ್ನ ಸ್ತ್ರೀಯ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ರೂಪದರ್ಶಿಯು ತೋಳನ್ನು ಮೇಲೆತ್ತಿ ಮುಖವನ್ನು ಅದರಲ್ಲಿ ಹುದುಗಿಸಿಕೊಂಡಿದ್ದಾಳೆ. ಈ ಚಿತ್ರವನ್ನು ವರ್ಣಚಿತ್ರಕಾರ ಜೆರೋಮ್‌ನ ಉಪಯೋಗಕ್ಕಾಗಿ ತೆಗೆಯಲಾಯಿತೆಂದು ಹೇಳಲಾಗುತ್ತದೆ. ಜೆರೋಮ್‌ನ 1861ರ 'ನ್ಯಾಯಸಭೆಯ ಮುಂದೆ ಫ್ರೈನಿ' ಎಂಬ ವರ್ಣಚಿತ್ರದಲ್ಲಿ ಗ್ರೀಕ್ ಗಣಿಕೆಯು ಇದೇ ಬಗೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ತನ್ನ ಸೌಂದರ್ಯದಿಂದಲೇ ಹೆಸರಾದ ಫ್ರೈನಿಗೆ ನಾಚಿಕೆಯನ್ನು ಆರೋಪಿಸಿದ್ದು ಅಸಂಗತವೆಂದು ಡೆಗಾ ಆಕ್ಷೇಪಿಸಿದ್ದುಂಟು. ಆಕ್ಷೇಪ ನ್ಯಾಯವಾದುದೇ. ಆದರೆ ವರ್ಣಚಿತ್ರದಲ್ಲಿ ಅಸಂಗತವೆನಿಸುವ ಅದೇ ಭಂಗಿ ಛಾಯಾಚಿತ್ರದಲ್ಲಿ ಹಾಗೆನಿಸುವುದಿಲ್ಲ. ಅಲ್ಲಿ ಮುಖ ಮುಚ್ಚಿಕೊಂಡವಳು ಫ್ರೈನಿಯಲ್ಲ, ಪ್ಯಾರಿಸಿನಲ್ಲಿ ಬಾಳುತ್ತಿದ್ದ ಒಬ್ಬ ಹೆಣ್ಣುಮಗಳು.

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮುಖವನ್ನು ಬಿಡುವುದಕ್ಕೆ ಬೇರೊಂದು ಸಮರ್ಥನೆ ಒದಗಿತು. ಮುಖವಿದ್ದರೆ ನೋಡುವವನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಭಾವವನ್ನು ಹುಡುಕುತ್ತದೆ, ಚಿತ್ರವು ವ್ಯಕ್ತಿಚಿತ್ರವಾಗಿಬಿಡುತ್ತದೆ. ಮುಖವಿಲ್ಲದಿದ್ದರೆ ದೇಹವು ರೇಖೆ, ಘನ, ಛಾಯೆಗಳ ರಚನೆಯಾಗಿ ಕಾಣುತ್ತದೆ ಎಂಬುದು ಅದರ ಸಾರ. ಎಡ್ವರ್ಡ್ ವೆಸ್ಟನ್ 1925ರಲ್ಲಿ ಮೆಕ್ಸಿಕೋದಲ್ಲಿ ತೆಗೆದ ಅನಿತಾ ಬ್ರೆನರ್‌ಳ ಬೆನ್ನಿನ ಚಿತ್ರ ಇದಕ್ಕೆ ಉತ್ತಮ ನಿದರ್ಶನ. ತಲೆಯೂ ಕೈಕಾಲುಗಳೂ ಕಾಣದ ಆ ದೇಹ ಪೇರು ಹಣ್ಣಿನಂತೆ ತೋರುತ್ತದೆ. ಬ್ರೆನರ್ ಮುಂದೆ ಮೆಕ್ಸಿಕೋದ ಕಲೆ ಮತ್ತು ಚರಿತ್ರೆಗಳ ಕುರಿತು ಮಹತ್ವದ ಗ್ರಂಥಗಳನ್ನು ಬರೆದ ವಿದುಷಿ ಎಂಬ ಸುಳಿವು ಆ ಹಣ್ಣಿನಲ್ಲಿ ಎಲ್ಲಿಯೂ ಇಲ್ಲ.

ವೆಸ್ಟನ್‌ನ 1936ರ ನಗ್ನಚಿತ್ರವು ಇದಕ್ಕಿಂತಲೂ ಪ್ರಸಿದ್ಧವಾದುದು. ಸಾಂತಾ ಮೋನಿಕಾದ ಮನೆಯೊಂದರ ಬಾಗಿಲಲ್ಲಿ, ಬಿಸಿಲಿನಲ್ಲಿ, ಕ್ಯಾರಿಸ್ ವಿಲ್ಸನ್ ಮೊಣಕಾಲನ್ನು ತೋಳುಗಳಿಂದ ಬಳಸಿ, ತಲೆಯನ್ನು ಕೆಳಕ್ಕೆ ಬಾಗಿಸಿ ಕುಳಿತಿದ್ದಾಳೆ. ಕಾಣುವುದು ಬೈತಲೆ ಮಾತ್ರ. ತೋಳು, ಕಾಲು, ನೆತ್ತಿಗಳು ಸೇರಿ ಒಂದು ಮುಚ್ಚಿದ ಅಂಡಾಕಾರವಾಗುತ್ತವೆ. ಮುಖವನ್ನು ಎತ್ತಿದ್ದರೆ ಆ ಆಕಾರ ಒಡೆಯುತ್ತಿತ್ತು. ರಚನೆಯ ದೃಷ್ಟಿಯಿಂದ ಇದಕ್ಕಿಂತ ಪೂರ್ಣವಾದ ಸಮರ್ಥನೆ ಮುಖದ ಮರೆಗೆ ದೊರೆಯುವುದು ಕಷ್ಟ. ಆದರೆ ವಿಲ್ಸನ್ ತನ್ನ 1998ರ ಆತ್ಮಕಥನದಲ್ಲಿ ಈ ಚಿತ್ರದ ಬಗ್ಗೆ ನೆನೆಯುವುದು ಬೇರೆಯೇ ಸಂಗತಿಗಳನ್ನು. ಬಲತೋಳಿನ ಮೇಲೆ ಬಿದ್ದ ನೆರಳು ವೆಸ್ಟನ್‌ನಿಗೆ ಎಂದೂ ಒಪ್ಪಿಗೆಯಾಗಲಿಲ್ಲ. ಸೊಟ್ಟಗಾದ ಬೈತಲೆಯೂ ಕೂದಲಿನ ಪಿನ್ನುಗಳೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅಶ್ಲೀಲವಸ್ತುಗಳನ್ನು ಅಂಚೆಯಲ್ಲಿ ಕಳಿಸಬಾರದೆಂಬ 1873ರ ಅಮೆರಿಕನ್ ಕಾಯ್ದೆಯ ಭಯವೂ ಆಗ ಇದ್ದುದರಿಂದ, ಪ್ರಿಂಟಿನಲ್ಲಿ ಆಕ್ಷೇಪಾರ್ಹವಾದುದೇನಾದರೂ ಕಾಣುತ್ತದೆಯೇ ಎಂದು ವೆಸ್ಟನ್ ಭೂತಗನ್ನಡಿ ಹಿಡಿದು ಪರೀಕ್ಷಿಸಿದ್ದನ್ನೂ ಅವಳು ದಾಖಲಿಸುತ್ತಾಳೆ. ವಿಮರ್ಶಕರು ಶುದ್ಧ ಆಕಾರವನ್ನು ಕಂಡ ಕಡೆ ರೂಪದರ್ಶಿಯು ತನ್ನ ಹೇರ್‌ಪಿನ್ನುಗಳನ್ನು ಕಂಡಳೆಂಬುದು ಲಘುವಾದ ಮಾತಲ್ಲ. ಮುಖ ಕಾಣದಿದ್ದರೂ ಅವಳಿಗೆ ಅದು ತನ್ನದೇ ಚಿತ್ರವಾಗಿತ್ತು.

ಆಲ್ಫ್ರೆಡ್ ಸ್ಟಿಗ್ಲಿಟ್ಸ್ 1921ರಲ್ಲಿ ನ್ಯೂಯಾರ್ಕಿನ ಆಂಡರ್ಸನ್ ಗ್ಯಾಲರಿಯಲ್ಲಿ ನಡೆಸಿದ ಪ್ರದರ್ಶನದಲ್ಲಿ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್‌ಳ ಸುಮಾರು 45 ಚಿತ್ರಗಳಿದ್ದವು. ಅವುಗಳಲ್ಲಿ ಹಲವು ಕೈಗಳು, ಪಾದಗಳು, ತಲೆಯಿಲ್ಲದ ಮುಂಡ. ಬಿಡಿ ಅಂಗಗಳನ್ನು ತೋರಿಸಿದರೂ ಇವೆಲ್ಲ ಸೇರಿ ಒಬ್ಬಳದೇ ವ್ಯಕ್ತಿಚಿತ್ರ ಎಂಬುದು ಸ್ಟಿಗ್ಲಿಟ್ಸ್‌ನ ವಾದ. ಅದೇ ಗೋಡೆಗಳ ಮೇಲೆ ಅವಳ ಮುಖವೂ ಇದ್ದುದರಿಂದ ತಲೆಯಿಲ್ಲದ ಮುಂಡ ಯಾರದೆಂಬುದು ಗುಟ್ಟಾಗಿ ಉಳಿಯಲಿಲ್ಲ. ತಮ್ಮ ಹೆಂಡತಿಯರನ್ನೂ ಹೀಗೆಯೇ ತೆಗೆದುಕೊಡಬೇಕೆಂದು ಕೆಲವು ಗಂಡಸರು ಸ್ಟಿಗ್ಲಿಟ್ಸ್‌ನನ್ನು ಕೇಳಿದರೆಂದೂ, ಅಂಥ ಚಿತ್ರಕ್ಕೆ ಎಷ್ಟು ನಿಕಟವಾದ ಸಂಬಂಧ ಬೇಕೆಂಬುದು ತಿಳಿದಿದ್ದರೆ ಅವರು ಕೇಳುತ್ತಿರಲಿಲ್ಲವೆಂದೂ ಓಕೀಫ್ 1978ರಲ್ಲಿ ನೆನೆದುಕೊಂಡಿದ್ದಾಳೆ. ಬಿಡಿ ಅಂಗದ ಚಿತ್ರವೆಂದರೆ ಅನಾಮಿಕ ಚಿತ್ರವೆಂದು ಭಾವಿಸುವವರು ಈ ಪ್ರಸಂಗವನ್ನು ಗಮನಿಸಬೇಕು.

ಬಿಲ್ ಬ್ರಾಂಟ್‌ನಲ್ಲಿ ಈ ರೂಪವಾದವು ತುದಿಮುಟ್ಟುತ್ತದೆ. ಲಂಡನ್ನಿನಲ್ಲಿ ಆತ ಕೊಂಡ ಹಳೆಯ ಕೊಡ್ಯಾಕ್ ಮರದ ಕ್ಯಾಮರಾ ಅಪರಾಧಸ್ಥಳಗಳ ದಾಖಲೆಗೆಂದು ಪೊಲೀಸರು ಬಳಸುತ್ತಿದ್ದ ಬಗೆಯದು, ವಿಶಾಲಕೋನದ ಮಸೂರವುಳ್ಳದ್ದು. ಮುಂದೆ ಕಡಲತೀರಗಳಲ್ಲಿ ತೆಗೆದ ಚಿತ್ರಗಳನ್ನೂ ಸೇರಿಸಿ ಆತ 1961ರಲ್ಲಿ ತನ್ನ ನಗ್ನಚಿತ್ರಗಳ ಗ್ರಂಥವನ್ನು ಹೊರತಂದ. ಅಲ್ಲಿ ಮೊಣಕಾಲು, ಕಿವಿ, ಬೆರಳುಗಳು ಬಂಡೆಗಳೊಡನೆ ಬಂಡೆಗಳಾಗಿ ಬಿದ್ದಿರುತ್ತವೆ.

ಇವೆಲ್ಲವುಗಳಿಂದ ಬೇರೆಯಾಗಿ ನಿಲ್ಲುವುದು ಇ. ಜೆ. ಬೆಲಾಕ್‌ನ ಗಾಜಿನ ಫಲಕಗಳು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 1897ರಿಂದ 1917ರವರೆಗೆ ಸ್ಟೋರಿವಿಲ್ ಎಂಬ ವೇಶ್ಯಾವಾಟಿಕೆಯಿತ್ತು. ಸುಮಾರು 1912ರಲ್ಲಿ ಬೆಲಾಕ್ ಅಲ್ಲಿನ ಹೆಂಗಸರನ್ನು ಅವರ ಕೋಣೆಗಳಲ್ಲಿಯೇ ಚಿತ್ರಿಸಿದ; ಕೆಲವರು ಉಡುಪು ತೊಟ್ಟಿದ್ದಾರೆ, ಕೆಲವರು ನಗ್ನರು, ಒಬ್ಬಳು ಕಣ್ಣಿಗೆ ಕಪ್ಪು ಮುಖವಾಡ ಕಟ್ಟಿಕೊಂಡಿದ್ದಾಳೆ. ಬೆಲಾಕ್ 1949ರಲ್ಲಿ ತೀರಿಕೊಂಡ ಮೇಲೆ ಈ ಫಲಕಗಳನ್ನು ಛಾಯಾಗ್ರಾಹಕ ಲೀ ಫ್ರೀಡ್‌ಲ್ಯಾಂಡರ್ 1966ರಲ್ಲಿ ಕೊಂಡುಕೊಂಡು, ಹಳೆಯ ಮಾದರಿಯ ಕಾಗದದ ಮೇಲೆ ಮುದ್ರಿಸಿದ. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಅವುಗಳನ್ನು ಪ್ರದರ್ಶಿಸಿತು. ಫಲಕಗಳಲ್ಲಿ ಕೆಲವುಗಳ ಮುಖಭಾಗವನ್ನು ಯಾರೋ ಕೆರೆದು ಹಾಕಿದ್ದಾರೆ. ಮುದ್ರಣದಲ್ಲಿ ಆ ಕೆರೆತವು ದಟ್ಟ ಕಪ್ಪು ಕಲೆಯಾಗಿ ಮೂಡುತ್ತದೆ. ಜೆಸ್ಯುಯಿಟ್ ಪಾದ್ರಿಯಾಗಿದ್ದ ಸೋದರನು ಕೆರೆದನೆಂಬ ಮಾತು ಬಹುಕಾಲ ಪ್ರಚಲಿತವಾಗಿತ್ತು. ಲೇಪವು ಇನ್ನೂ ಹಸಿಯಾಗಿದ್ದಾಗಲೇ ಕೆರೆಯಲಾಗಿದೆ, ಆದ್ದರಿಂದ ಬೆಲಾಕ್‌ನೇ ಕೆರೆದಿರಬೇಕು ಎಂಬುದು ಅನಂತರದ ವಾದ. ಎರಡನೆಯ ವಾದವನ್ನು ಒಪ್ಪಿದರೆ ಆ ಕಲೆಯ ಅರ್ಥವೇ ಬದಲಾಗುತ್ತದೆ. ನೀತಿವಂತನೊಬ್ಬನ ರೋಷವೆಂದು ಕಂಡದ್ದು, ಚಿತ್ರಕ್ಕೆ ಒಪ್ಪಿ ಗುರುತಿಗೆ ಒಪ್ಪದ ಹೆಂಗಸೊಬ್ಬಳ ಕೋರಿಕೆಯ ಪಾಲನೆಯೂ ಆಗಿದ್ದೀತು. ನೋಡಲು ಮಾತ್ರ ಎರಡೂ ಒಂದೇ ರೀತಿ ಕ್ರೂರವಾಗಿವೆ.

ರೂಪದರ್ಶಿಯ ಕೋರಿಕೆಯು ನೇರವಾಗಿ ಚಿತ್ರದ ಆಕಾರವನ್ನು ನಿರ್ಧರಿಸಿದ ಪ್ರಸಂಗವೊಂದು ರಾಬರ್ಟ್ ಮ್ಯಾಪಲ್‌ಥಾರ್ಪ್‌ನ 1980ರ ಕೃತಿಯಲ್ಲಿದೆ. ಕರಿಯ ವ್ಯಕ್ತಿಯೊಬ್ಬನ ಸೂಟು ತೊಟ್ಟ, ಆದರೆ ಗುಹ್ಯಾಂಗ ಕಾಣುವ ಈ ಚಿತ್ರದಲ್ಲಿ ಎದೆಯಿಂದ ಮೇಲಿನ ಭಾಗವಿಲ್ಲ. ಮುಖವೂ ಗುಹ್ಯಾಂಗವೂ ಒಂದೇ ಚಿತ್ರದಲ್ಲಿ ಬರಕೂಡದೆಂಬುದು ರೂಪದರ್ಶಿಯ ಷರತ್ತಾಗಿತ್ತೆಂದು ಮ್ಯಾಪಲ್‌ಥಾರ್ಪ್‌ನ ಜೀವನಚರಿತ್ರೆಯಿಂದ ತಿಳಿಯುತ್ತದೆ. ಷರತ್ತು ಪಾಲನೆಯಾಯಿತು. ಆದರೆ ಫಲವೇನು? ಬ್ರಿಟನ್ನಿನ ವಿಮರ್ಶಕ ಕೊಬೇನಾ ಮರ್ಸರ್ 1986ರ ಪ್ರಬಂಧದಲ್ಲಿ, ಮ್ಯಾಪಲ್‌ಥಾರ್ಪ್‌ನ ಚೌಕಟ್ಟು ಕರಿಯ ಗಂಡಸನ್ನು ಒಂದು ಅಂಗಕ್ಕೆ ಇಳಿಸುತ್ತದೆ, ಜನಾಂಗದ ಬಗೆಗಿನ ಹಳೆಯ ಪೂರ್ವಗ್ರಹವನ್ನೇ ಪುನರುಚ್ಚರಿಸುತ್ತದೆ ಎಂದು ವಾದಿಸಿದ. ಕೆಲವು ವರ್ಷಗಳ ಬಳಿಕ ತಾನೇ ಆ ವಾದವನ್ನು ಮರುಪರಿಶೀಲಿಸಿ, ಇಂಥ ಚಿತ್ರಗಳ ಅರ್ಥ ಅಷ್ಟು ಸರಳವಲ್ಲವೆಂದು ತಿದ್ದಿಕೊಂಡ. ವ್ಯಕ್ತಿಯನ್ನು ಕಾಪಾಡಿದ ಅದೇ ಗೆರೆ ಅವನನ್ನು ವಸ್ತುವಾಗಿಸಿತು ಎಂಬುದು ಈ ಪ್ರಸಂಗದ ಇಕ್ಕಟ್ಟು. ಇದನ್ನು ಷರತ್ತು ಹಾಕಿದವನ ತಪ್ಪೆಂದು ಹೇಳುವಂತಿಲ್ಲ.

ಛಾಯಾಗ್ರಾಹಕಿಯೂ ರೂಪದರ್ಶಿಯೂ ಒಬ್ಬಳೇ ಆದಾಗ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸೆಸ್ಕಾ ವುಡ್‌ಮನ್ (1958-1981) ಉತ್ತರ. ಪ್ರಾವಿಡೆನ್ಸ್ ನಗರದ ಪಾಳುಮನೆಗಳಲ್ಲಿ ಆಕೆ ದೀರ್ಘಕಾಲ ಷಟರ್ ತೆರೆದಿಟ್ಟು, ತಲೆಯನ್ನು ಅಲುಗಿಸಿ ತನ್ನ ಮುಖವನ್ನು ಮಂಜಾಗಿಸಿಕೊಂಡಳು. 1976ರ ಒಂದು ಚಿತ್ರದಲ್ಲಿ ಮೂವರು ನಗ್ನ ಹೆಂಗಸರು ವುಡ್‌ಮನ್‌ಳ ಮುಖದ ಛಾಯಾಚಿತ್ರವನ್ನು ತಮ್ಮ ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದಾರೆ. ಮರೆಯೂ ಮುಖವೇ ಆಗಿರುವ ಈ ಚಿತ್ರದಲ್ಲಿ, ಯಾರು ಯಾರಿಗೆ ರೂಪದರ್ಶಿ ಎಂಬುದನ್ನು ನೋಡುಗ ನಿಂತು ಯೋಚಿಸಬೇಕಾಗುತ್ತದೆ. ಇಡೀ ಪರಂಪರೆಯ ಮೇಲೆ ಇಷ್ಟು ಚುಟುಕಾದ ವ್ಯಾಖ್ಯಾನ ಬೇರೆ ಇಲ್ಲ.

ಭಾರತದ ಕಾನೂನಿನ ಎದುರು ಮುಖದ ಪ್ರಶ್ನೆ ಮತ್ತೊಂದು ಬಗೆಯಲ್ಲಿ ಬರುತ್ತದೆ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಆತನ ಭಾವೀ ಪತ್ನಿಯ ನಗ್ನ ಛಾಯಾಚಿತ್ರವನ್ನು 1993ರಲ್ಲಿ ಕಲ್ಕತ್ತೆಯ ಪತ್ರಿಕೆಗಳು ಮರುಮುದ್ರಿಸಿದಾಗ ಮೊಕದ್ದಮೆ ಹೂಡಲಾಯಿತು. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದ ತೀರ್ಪಿನಲ್ಲಿ ಹಳೆಯ ಹಿಕ್ಲಿನ್ ಒರೆಗಲ್ಲನ್ನು ಕೈಬಿಟ್ಟು, ಸಮಕಾಲೀನ ಸಮುದಾಯದ ಮಾನದಂಡದಿಂದ ಚಿತ್ರವನ್ನು ಅಳೆಯಬೇಕೆಂದಿತು. ಮೈಬಣ್ಣದ ಭೇದವನ್ನು ವಿರೋಧಿಸುವ ಸಂದೇಶವನ್ನೂ ಗಣನೆಗೆ ತೆಗೆದುಕೊಂಡಿತು. ಆ ಸಂದೇಶ ನಿಂತದ್ದೇ ಇಬ್ಬರ ಗುರುತಿನ ಮೇಲೆ. ಮುಖ ಮರೆಯಾಗಿದ್ದರೆ ಅದು ಯಾರನ್ನೂ ಮುಟ್ಟುತ್ತಿರಲಿಲ್ಲ. ಇನ್ನೊಂದೆಡೆ, 2009ರಿಂದ ಜಾರಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಮು ಒಪ್ಪಿಗೆಯಿಲ್ಲದೆ, ಖಾಸಗಿತನಕ್ಕೆ ಭಂಗ ಬರುವಂತೆ, ದೇಹದ ಖಾಸಗಿ ಭಾಗಗಳ ಚಿತ್ರ ತೆಗೆಯುವುದನ್ನೂ ಹರಡುವುದನ್ನೂ ದಂಡನಾರ್ಹವೆನ್ನುತ್ತದೆ. ಅಲ್ಲಿ ಮುಖ ಕಾಣಬೇಕೆಂಬ ನಿಯಮವಿಲ್ಲ. ಮುಖ ಬಿಟ್ಟಿದ್ದೇನೆ, ಒಪ್ಪಿಗೆ ಏಕೆ ಎನ್ನುವ ಛಾಯಾಗ್ರಾಹಕನಿಗೆ ಈ ಕಲಮಿನಲ್ಲಿ ಆಶ್ರಯ ದೊರೆಯದು. ಹಚ್ಚೆ, ಮಚ್ಚೆ, ಗಾಯದ ಕಲೆ, ಹಿನ್ನೆಲೆಯ ಕೋಣೆ ಇವುಗಳಿಂದಲೂ ಪರಿಚಿತರು ವ್ಯಕ್ತಿಯನ್ನು ಗುರುತಿಸುತ್ತಾರೆಂಬುದು ಅನುಭವದ ಮಾತು.

ಇತ್ತೀಚಿನ ದಶಕಗಳಲ್ಲಿ ಸಂಗ್ರಹಾಲಯಗಳು ಹಳೆಯ ನಗ್ನಚಿತ್ರಗಳ ಶೀರ್ಷಿಕೆಗೆ ರೂಪದರ್ಶಿಯ ಹೆಸರನ್ನು ಸೇರಿಸುತ್ತ ಬಂದಿವೆ. ವೆಸ್ಟನ್‌ನ 1936ರ ಚಿತ್ರ ಈಗ ಹಲವು ಪಟ್ಟಿಗಳಲ್ಲಿ ಕ್ಯಾರಿಸ್‌ಳ ಹೆಸರಿನೊಂದಿಗೆ ದಾಖಲಾಗಿದೆ. 1925ರ ಬೆನ್ನು ಅನಿತಾ ಬ್ರೆನರ್‌ಳದೆಂದು ಎಲ್ಲರಿಗೂ ಗೊತ್ತು. ಬೆಲಾಕ್‌ನ ಫಲಕಗಳಲ್ಲಿರುವ ಹೆಂಗಸರಲ್ಲಿ ಬಹುಪಾಲು ಮಂದಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ, ಮುಖ ಕೆರೆಯದೆ ಉಳಿದವರದು ಕೂಡ.