ಹಾಲುಹಲ್ಲು ಮತ್ತು ಮೊದಲ ತುತ್ತು

ನಂಜನಗೂಡೆಂದೊಡನೆ ನಮ್ಮ ಸೀಮೆಯವರಿಗೆ ಮೂರು ಸಂಗತಿಗಳು ನೆನಪಾಗುವುವು: ಶ್ರೀಕಂಠೇಶ್ವರನ ಸನ್ನಿಧಿ, ರಸಬಾಳೆ ಮತ್ತು ಹಲ್ಲುಪುಡಿ. ಕಡೆಯದು 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯಿಂದ ಮನೆಮಾತಾಯಿತು. ಈ ಮೂರೂ ನಮ್ಮ ಇಂದಿನ ವಿಷಯಕ್ಕೆ ಸಂಬಂಧಪಟ್ಟವೇ. ಕಪಿಲೆಯ ದಡದ ನಂಜನಗೂಡಿಗಾಗಲಿ, ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರಕ್ಕಾಗಲಿ, ಅನ್ನಪ್ರಾಶನಕ್ಕೆಂದು ಕೂಸನ್ನು ಎತ್ತಿಕೊಂಡು ಬರುವ ಮನೆಗಳುಂಟು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೊದಲ ಹಲ್ಲೂ ಇಣಿಕುವುದು. ಆ ತಿಂಗಳುಗಳಲ್ಲಿ ಬಂದ ಕಾಯಿಲೆಗಳನ್ನೆಲ್ಲ ಹಲ್ಲಿನ ಮೇಲೆ ಹೊರಿಸುವ ರೂಢಿ ನಮ್ಮಲ್ಲಿ ಬಹಳ. ಅದು ಏಕೆ ಅಪಾಯಕರವೆಂಬುದನ್ನು ವಿಚಾರ ಮಾಡೋಣ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕೆಳದವಡೆಯ ಮುಂದಿನ ಎರಡು ಹಲ್ಲುಗಳು ಮೂಡುವುವು, ಬಳಿಕ ಮೇಲಿನವು. ಒಂದು ವರ್ಷ ಕಳೆದ ಮೇಲೆ ಮೊದಲ ದವಡೆಹಲ್ಲುಗಳು, ಅನಂತರ ಕೋರೆಹಲ್ಲುಗಳು, ಕಡೆಗೆ ಹಿಂದಿನ ದವಡೆಹಲ್ಲುಗಳು ಬಂದು, ಮೂರು ವರ್ಷದ ಹೊತ್ತಿಗೆ ಸಾಲು ಪೂರ್ಣವಾಗುವುದು. ಕೆಲವು ಮಕ್ಕಳಿಗೆ ಬೇಗ, ಕೆಲವರಿಗೆ ತಡ. 18 ತಿಂಗಳಾದರೂ ಒಂದು ಹಲ್ಲೂ ಬಾರದಿದ್ದರೆ ದಂತವೈದ್ಯರಿಗೆ ತೋರಿಸತಕ್ಕದ್ದು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದೆಂಬ ಮಾತುಂಟು, ಮಾವಂದಿರು ಧೈರ್ಯವಾಗಿರಬಹುದು.

ಹಲ್ಲು ಬರುವಾಗ ಜೊಲ್ಲು ಸುರಿಯುವುದು, ವಸಡು ಕೆಂಪಾಗುವುದು, ಕಂಡದ್ದನ್ನೆಲ್ಲ ಕಚ್ಚುವುದು, ರಾತ್ರಿ ರಚ್ಚೆ ಹಿಡಿಯುವುದು, ಇವು ಸಹಜ. ಚೊಕ್ಕಟವಾದ ಬೆರಳಿನಿಂದ ವಸಡನ್ನು ಮೆಲ್ಲನೆ ತಿಕ್ಕಿದರೆ, ತಣ್ಣೀರಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಕಚ್ಚಲು ಕೊಟ್ಟರೆ ಸಾಕು. ಆದರೆ ಜೋರು ಜ್ವರವಾಗಲಿ ಭೇದಿಯಾಗಲಿ ಹಲ್ಲಿನಿಂದ ಬರತಕ್ಕದ್ದಲ್ಲ. ತಾಯಿಯಿಂದ ಗರ್ಭದಲ್ಲಿ ಪಡೆದ ರೋಗನಿರೋಧಕ ಶಕ್ತಿ ಆರು ತಿಂಗಳ ವೇಳೆಗೆ ಕುಗ್ಗಿರುತ್ತದೆ. ನೆಲದ ವಸ್ತುಗಳು ಬಾಯಿಗೆ ಹೋಗತೊಡಗುತ್ತವೆ. ಹೊಸ ಆಹಾರದೊಡನೆ ಹೊಸ ನೀರೂ ಹೊಸ ಪಾತ್ರೆಯೂ ಬರುತ್ತವೆ. ಸೋಂಕಿಗೆ ಕಾರಣ ಇವು. "ಹಲ್ಲಿನ ಭೇದಿ, ತಾನೇ ನಿಲ್ಲುವುದು" ಎಂದು ಎರಡು ದಿನ ಕಾದರೆ, ಕೂಸಿನ ಮೈಯ ನೀರು ಬತ್ತಿ ಪ್ರಾಣಕ್ಕೇ ಸಂಚಕಾರವಾದೀತು. ಜ್ವರ 100.4 ಡಿಗ್ರಿ ಮುಟ್ಟಿದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಮೆಯಾದರೆ, ಮಗು ಮಂಕಾದರೆ ಕೂಡಲೆ ವೈದ್ಯರಲ್ಲಿಗೆ ಹೋಗಬೇಕು. ಭೇದಿಯಾದಾಗ ಎದೆಹಾಲನ್ನು ನಿಲ್ಲಿಸದೆ, ಓ.ಆರ್.ಎಸ್. ಜೀವಜಲವನ್ನು ಚಮಚೆಯಿಂದ ಕುಡಿಸುತ್ತಿರಬೇಕು.

ಇನ್ನು ಆಹಾರದ ವಿಷಯ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಗಂಡುಮಗುವಿಗೆ ಸಮ ಮಾಸದಲ್ಲಿ, ಹೆಣ್ಣುಮಗುವಿಗೆ ಬೆಸ ಮಾಸದಲ್ಲಿ ಅನ್ನಪ್ರಾಶನವೆಂಬುದು ಸಂಪ್ರದಾಯ. ಐದನೆಯ ತಿಂಗಳಿಗೆ ಮುಹೂರ್ತವಿಟ್ಟ ಮನೆಯವರು ಏಳಕ್ಕೆ ಮುಂದೂಡಬಹುದಲ್ಲವೆ? ಹಾಗೆಂದು ಊಟವನ್ನು ಏಳರವರೆಗೆ ತಡೆಯಬೇಕಾಗಿಲ್ಲ. ಹಲ್ಲು ಬರಲೆಂದೂ ಕಾಯಬಾರದು. ಮೆತ್ತನೆಯ ತುತ್ತನ್ನು ನುರಿಸಲು ವಸಡೇ ಸಾಕು. ಕತ್ತು ನಿಂತು, ಆತುಕೊಂಡು ಕುಳಿತು, ತಟ್ಟೆಯ ಕಡೆ ಕೈಚಾಚುವುದೇ ಸಿದ್ಧತೆಯ ಗುರುತು.

ನಮ್ಮ ಅಜ್ಜಿಯರ ರಾಗಿಸರಿ ಈ ಕಾರ್ಯಕ್ಕೆ ಯೋಗ್ಯವಾದುದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಶೋಧಿಸುತ್ತಾರೆ. ಇದರ ಮರ್ಮವೇನು? ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಸರಿಯು ಅಂಟಾಗದು. ಹೆಚ್ಚು ಹಿಟ್ಟು ಹಾಕಿದರೂ ನುಂಗಲು ಸುಲಭವಾಗಿರುತ್ತದೆ. ಪುಟ್ಟ ಹೊಟ್ಟೆಗೆ ಇದೇ ದೊಡ್ಡ ಉಪಕಾರ. ನೀರಾದ ಗಂಜಿಯಿಂದ ಹೊಟ್ಟೆ ತುಂಬೀತೇ ಹೊರತು ಮೈ ತುಂಬದು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ 300 ಮಿಲಿಗ್ರಾಮಿಗೂ ಹೆಚ್ಚು.

ಆದರೆ ಸರಿಯೊಂದರಿಂದಲೇ ಎಲ್ಲವೂ ಪೂರೈಸದು. ಆರು ತಿಂಗಳ ಬಳಿಕ ಮಗುವಿನ ಕಬ್ಬಿಣದ ಸಂಗ್ರಹ ಮುಗಿಯುತ್ತ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಕಂಡುಬಂದಿತು. ಆದುದರಿಂದ ಬೆಂದ ಬೇಳೆ, ನುಣ್ಣಗೆ ಮಾಡಿದ ಸೊಪ್ಪು, ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಮೀನು, ಮಾಂಸ ಇವುಗಳನ್ನು ಒಂದೊಂದಾಗಿ ಸೇರಿಸಬೇಕು. ಈಗ ಅಪರೂಪವಾಗಿರುವ ರಸಬಾಳೆ ದೊರೆತರೆ ಕಿವುಚಿ ಕೊಡಬಹುದು. ದೊರೆಯದಿದ್ದರೆ ಮಾಗಿದ ಯಾವ ಬಾಳೆಯಾದರೂ ಆದೀತು.

ಮೊದಲು ದಿನಕ್ಕೆ ಎರಡು ಮೂರು ಬಾರಿ, ಎರಡು ಮೂರು ಚಮಚೆ. ಒಂಬತ್ತು ತಿಂಗಳ ಹೊತ್ತಿಗೆ ಮೂರು ನಾಲ್ಕು ಬಾರಿ, ಅರ್ಧ ಬಟ್ಟಲು. ಎದೆಹಾಲು ಎರಡು ವರ್ಷ ಮತ್ತು ಆಮೇಲೂ ಮುಂದುವರಿಯಲಿ. ವರ್ಷ ತುಂಬುವ ಮುನ್ನ ಜೇನುತುಪ್ಪವನ್ನು ನೆಕ್ಕಿಸಬಾರದು; ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿ ಕೂಸಿಗೆ ವಿಷವಾದೀತು. ಉಪ್ಪು ಸಕ್ಕರೆಗಳಿಗೂ ಅವಸರವಿಲ್ಲ. ಕಡಲೇಕಾಯಿ ಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕುವುವು, ಕೊಡಬಾರದು.

ಹಲ್ಲುಪುಡಿ ದೊಡ್ಡವರಿಗಿರಲಿ. ಕೂಸಿನ ಮೊದಲ ಹಲ್ಲನ್ನು ಮೃದುವಾದ ಬ್ರಷ್ಷಿನಿಂದ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನೊಡನೆ ಉಜ್ಜಿದರೆ ಸಾಕು. ಹೇಗೂ ಬಿದ್ದುಹೋಗುವ ಹಲ್ಲೆಂದು ಅಲಕ್ಷ್ಯ ಮಾಡಬಾರದು; ಮುಂದಿನ ಹಲ್ಲಿಗೆ ಅದೇ ಜಾಗ ಕಾಯ್ದಿರಿಸುವುದು. ಅಜ್ಜಿಯ ಸರಿಯನ್ನು ನಾವು ಬಿಡುವುದು ಬೇಡ. ಜ್ವರ ಬಂದ ಕೂಸನ್ನು ಮಾತ್ರ, ಹಲ್ಲಿನ ನೆಪ ಹೇಳಿ, ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ.