ಎಳೆ ಎರಡಾಗಿ ಕಂಡರೆ

ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವುದು ನೇಕಾರರಿಗೆ ನಿತ್ಯದ ಕೆಲಸ. ನಾರಾಯಣಪೇಟೆ ಸೀರೆಯಿರಲಿ, ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸುವ ಗದ್ವಾಲ ಸೀರೆಯಿರಲಿ, ಮೊಳ ದೂರದ ನೂಲಿನ ಮೇಲೆ ಎರಡೂ ಕಣ್ಣು ಒಟ್ಟಿಗೆ ನೆಟ್ಟರೇ ನೇಯ್ಗೆ ಸಾಗುವುದು. ಇಂಥವರೊಬ್ಬರು ರಾಯಚೂರಿನಿಂದ ಮಕ್ತಲ್‌ಗೆ ಬರುವ 167ನೇ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆನ್ನಿ. ಗಾಯ ಮಾಯುತ್ತದೆ, ಸ್ಕ್ಯಾನಿನಲ್ಲಿ ಏನೂ ಸಿಗುವುದಿಲ್ಲ, ಗೋಡೆಯ ಮೇಲಿನ ಅಕ್ಷರಗಳನ್ನೂ ಪೂರ್ತಿ ಓದುತ್ತಾರೆ. ಮಗ್ಗಕ್ಕೆ ಕೂತರೆ ಮಾತ್ರ ಎಳೆ ಮಸುಕಾಗುತ್ತದೆ, ಎರಡಾಗುತ್ತದೆ, ಹಣೆ ಸಿಡಿಯುತ್ತದೆ. ಮನೆಯವರಿಗೆ ಇದು ನೆಪ ಅನ್ನಿಸಬಹುದು. ಆದರೆ ಇದು ಆ ಪೆಟ್ಟಿನದೇ ಫಲ.

ಅಕ್ಷರದ ಹಲಗೆಯಿಂದ ತಿಳಿಯುವುದು ಒಂದೊಂದು ಕಣ್ಣು ದೂರದ್ದನ್ನು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದಷ್ಟೇ. ಎರಡೂ ಕಣ್ಣು ಹೊಂದಿಕೊಂಡು ಹೊರಳುತ್ತವೆಯೇ ಎಂಬುದು ಅದರಿಂದ ಗೊತ್ತಾಗದು. ಪ್ರತಿ ಕಣ್ಣುಗುಡ್ಡೆಯನ್ನು 6 ಸ್ನಾಯುಗಳು ಹೊರಳಿಸುತ್ತವೆ, ಆ ಸ್ನಾಯುಗಳನ್ನು 3 ನರಗಳು ಆಡಿಸುತ್ತವೆ. ಅವುಗಳಲ್ಲಿ ನಾಲ್ಕನೇ ಕಪಾಲ ನರ ಬಲು ಸಪೂರ. ಮಿದುಳುಕಾಂಡದ ಬೆನ್ನಿನಿಂದ ಹೊರಟು ಸುತ್ತಿಕೊಂಡು ಮುಂದೆ ಬರುವ ಕಪಾಲ ನರ ಇದೊಂದೇ. ತಲೆ ಜೋರಾಗಿ ಅದುರಿದರೆ ಇದು ಸುಲಭವಾಗಿ ಜಖಂ ಆಗುತ್ತದೆ. ಆಗ ಒಂದು ವಸ್ತು ಮೇಲೊಂದು ಕೆಳಗೊಂದು ಕಾಣುತ್ತದೆ. ಮೆಟ್ಟಿಲಿಳಿಯುವಾಗ ಕಾಲು ತಪ್ಪುತ್ತದೆ, ತಲೆ ತಾನಾಗಿ ಭುಜದ ಕಡೆ ವಾಲುತ್ತದೆ. ಆರನೇ ನರಕ್ಕೆ ಪೆಟ್ಟಾದರೆ ಅದೇ ವಸ್ತು ಅಕ್ಕಪಕ್ಕ ಎರಡಾಗುತ್ತದೆ. ಹಿಂದಲೆಯ ದೃಷ್ಟಿಕೇಂದ್ರಕ್ಕೆ ಒಂದು ಬದಿಯಲ್ಲಿ ಗಾಯವಾದರೆ ಎರಡೂ ಕಣ್ಣಿಗೆ ಒಂದೇ ಪಕ್ಕದ ನೋಟ ಹೋಗುತ್ತದೆ. ಹುಬ್ಬಿಗೆ ಬಿದ್ದ ಏಟು ಮೂಳೆಯ ಮೂಲಕ ಹಾದು ದೃಷ್ಟಿನರವನ್ನೇ ಕೆಡಿಸಬಲ್ಲದು.

ಎಲ್ಲಕ್ಕಿಂತ ಸಲೀಸಾಗಿ ಕಣ್ತಪ್ಪುವುದು, ಹತ್ತಿರದ್ದನ್ನು ನೋಡಲು ಎರಡೂ ಕಣ್ಣನ್ನು ಒಳಮುಖ ಮಾಡುವ ಶಕ್ತಿ ಕುಂದುವುದು. ಪೆನ್ನಿನ ತುದಿಯನ್ನು ನಿಧಾನವಾಗಿ ಮೂಗಿನತ್ತ ತನ್ನಿ. ಸಾಮಾನ್ಯವಾಗಿ 10 ಸೆಂ.ಮೀ. ಹತ್ತಿರ ಬರುವವರೆಗೂ ಅದು ಒಂದಾಗಿಯೇ ಕಾಣಬೇಕು. ಬಹಳ ಮೊದಲೇ ಎರಡಾದರೆ ತಪಾಸಣೆ ಬೇಕು. ಎರಡಾಗಿ ಕಂಡದ್ದು ಒಂದು ಕಣ್ಣು ಮುಚ್ಚಿದೊಡನೆ ಒಂದಾದರೆ, ದೋಷ ಕಣ್ಣುಗಳ ಹೊಂದಾಣಿಕೆಯಲ್ಲಿದೆ ಎಂದರ್ಥ.

ಇದಕ್ಕೆ ಚಿಕಿತ್ಸೆಯಿದೆ. ಎಷ್ಟೋ ಮಂದಿಯಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಅಲ್ಲಿಯವರೆಗೆ ಪ್ರಿಸಂ ಕನ್ನಡಕ, ಒಂದು ಕಣ್ಣಿಗೆ ಮರೆ, ಕಣ್ಣಿನ ವ್ಯಾಯಾಮ ನೆರವಾಗುತ್ತವೆ. ನರ ಚೇತರಿಸಿಕೊಳ್ಳಲು ಸುಮಾರು 6 ತಿಂಗಳು ಕಾದ ಮೇಲಷ್ಟೇ ಶಸ್ತ್ರಚಿಕಿತ್ಸೆಯ ಮಾತು. ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಮಾತ್ರ ಒತ್ತಾಯಿಸಬೇಡಿ. ತಲೆಗೆ ಪೆಟ್ಟಾದ 10,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ‘ಕ್ರ್ಯಾಶ್’ ಅಧ್ಯಯನದಲ್ಲಿ ಸ್ಟೆರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚಾಗಿತ್ತು.

ಕೆಲವು ಲಕ್ಷಣ ಕಂಡರೆ ಕಾಯಲೇಬಾರದು. ಒಂದು ಕಣ್ಣಿನ ಪಾಪೆ ಹಿಗ್ಗಿ ರೆಪ್ಪೆ ಜೋತುಬಿದ್ದರೆ, ಜೊತೆಗೆ ಮಂಪರು, ವಾಂತಿ ಇದ್ದರೆ ಮಿದುಳಿನೊಳಗೆ ರಕ್ತಸ್ರಾವವಾಗುತ್ತಿರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ನೋಟ ಹಠಾತ್ತನೆ ಕುಂದಿದರೂ ಅಂದೇ ಆಸ್ಪತ್ರೆಗೆ ಹೋಗಿ.

ಉಳಿದವರು ರಾಯಚೂರಿಗೋ ಮಹಬೂಬನಗರಕ್ಕೋ ಹೈದರಾಬಾದಿಗೋ ಹೋದಾಗ, ತಲೆಗೆ ಪೆಟ್ಟಾಗಿತ್ತೆಂದು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಎಷ್ಟು ದೂರದಿಂದ, ಎಂಥ ಕೆಲಸ ಮಾಡುವಾಗ ತೊಂದರೆಯಾಗುತ್ತದೆ ಎಂಬುದನ್ನೂ ತಿಳಿಸಿ. ಎರಡೂ ಕಣ್ಣು ಕೂಡಿ ಕೆಲಸ ಮಾಡುತ್ತಿವೆಯೇ ನೋಡಿ ಎಂದು ಬಾಯಿಬಿಟ್ಟು ಕೇಳಿ.